ಒಂದೇ ಸಂಖ್ಯೆಗೆ ಎದ್ದು ನಿಂತ ಇಬ್ಬರು

ಮಾನ್ಯ ಆಡಳಿತ ನಿರ್ದೇಶಕರೇ,

ನಿಮ್ಮ ಆಸ್ಪತ್ರೆ ನನಗೆ ಕೊಟ್ಟ ಸಂಖ್ಯೆಯನ್ನೇ ಇನ್ನೊಬ್ಬ ಹೆಂಗಸಿಗೂ ಕೊಟ್ಟಿತು. ಆಕೆಗೆ ಕ್ಯಾನ್ಸರ್ ಇತ್ತು, ನನಗೆ ಇರಲಿಲ್ಲ. ನೀವು ನನ್ನ ಎಡಸ್ತನವನ್ನು ಕೊಯ್ದು ತೆಗೆದಿರಿ. ಆಕೆಗೆ ಏನೂ ಇಲ್ಲವೆಂದು ಹೇಳಿ ಮನೆಗೆ ಕಳಿಸಿದಿರಿ. ಆಕೆ ಹೋದ ತಿಂಗಳು ತೀರಿಕೊಂಡಳು. ನನ್ನ ದೂರು ಇಷ್ಟೇ. ಇದನ್ನು ನಿಮ್ಮ ಕಚೇರಿಗೆ ಅರ್ಜಿಯ ರೂಪದಲ್ಲಿ ಮೂರು ಸಲ ಬರೆದುಕೊಟ್ಟಾಯಿತು. ಈಗ ಊರಿನವರೆಲ್ಲ ಓದಲಿ ಎಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನನ್ನ ಅರ್ಜಿಗಳಿಗೆ ನೀವು ಒಂದೇ ಒಂದು ವಾಕ್ಯದ ಉತ್ತರ ಕಳಿಸಿದ್ದೀರಿ. "ಎರಡು ದಾಖಲೆಗಳ ನಡುವೆ ಉಂಟಾದ ಆಕಸ್ಮಿಕ ಸಂಖ್ಯಾಸಾಮ್ಯಕ್ಕಾಗಿ ವಿಷಾದಿಸಲಾಗಿದೆ." ನಾನು ಸ್ಫಾಕ್ಸ್ ಊರಿನ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಅರಬಿ ವ್ಯಾಕರಣ ಕಲಿಸುವವಳು. ನಮ್ಮ ಮಕ್ಕಳು ಇಂಥ ವಾಕ್ಯ ಬರೆದರೆ ನಾನು ಕೇಳುವುದು ಒಂದೇ ಪ್ರಶ್ನೆ: ಇದರಲ್ಲಿ ಕರ್ತೃ ಎಲ್ಲಿ? ಸಾಮ್ಯ ತಾನೇ ಉಂಟಾಯಿತಂತೆ. ವಿಷಾದವೂ ತನ್ನಷ್ಟಕ್ಕೆ ತಾನೇ ಪಡಲ್ಪಟ್ಟಿತಂತೆ. ಒಬ್ಬ ಮನುಷ್ಯನೂ ಇಲ್ಲದೆ ಇಷ್ಟೆಲ್ಲ ನಡೆದುಹೋಯಿತೇ? ಕರ್ತೃವನ್ನು ಮರೆಸುವ ವಾಕ್ಯಗಳನ್ನು ಬರೆಯುವುದರಲ್ಲಿ ನಿಮ್ಮ ಕಚೇರಿಗಿರುವ ಪಾಂಡಿತ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಈ ವಾಕ್ಯದೊಳಗೆ ಒಬ್ಬ ಹೆಂಗಸು ಸತ್ತಿದ್ದಾಳೆ. ಅವಳ ಹೆಸರು ಮುಂಜಿಯಾ. ನಿಮ್ಮ ಉತ್ತರದಲ್ಲಿ ಆ ಹೆಸರೂ ಇಲ್ಲದ್ದರಿಂದ ಇಲ್ಲಿ ಬರೆದಿದ್ದೇನೆ.

ಎರಡು ವರ್ಷದ ಹಿಂದೆ ಚಳಿ ಇಳಿಯುವ ಹೊತ್ತಿಗೆ ಸ್ನಾನ ಮಾಡುವಾಗ ನನ್ನ ಕೈಗೆ ಒಂದು ಗಂಟು ಸಿಕ್ಕಿತು. ಹೆದರಿಕೊಂಡು ನಿಮ್ಮಲ್ಲಿಗೆ ಬಂದೆ. ಆಗಷ್ಟೇ ನೀವು ಹೊಸ ನೋಂದಣಿ ಸಭಾಂಗಣವನ್ನು ತೆರೆದಿದ್ದಿರಿ. ಒಂದು ಕಿಟಕಿಯ ಜಾಗದಲ್ಲಿ ಆರು ಕಿಟಕಿ, ಪ್ರತಿಯೊಂದರ ಹಿಂದೆ ಒಂದು ಕಂಪ್ಯೂಟರು. ಪಕ್ಕದ ಕಿಟಕಿಯಲ್ಲಿದ್ದ ಹೆಂಗಸು ಕೆರ್ಕೆನ್ನಾ ದ್ವೀಪದವಳೆಂದು ಬಾಯಿ ತೆರೆದ ಕೂಡಲೇ ಗೊತ್ತಾಯಿತು.

"ಬೇಗ ಮಾಡಪ್ಪಾ, ಈ ಹಡಗು ತಪ್ಪಿದ್ರೆ ಸಾಯಂಕಾಲದವರೆಗೂ ಬಂದರಿನಲ್ಲೇ ನೊಣ ಹೊಡೀತಾ ಕೂತಿರ್ಬೇಕು ನಾನು" ಎಂದು ಗುಮಾಸ್ತನನ್ನು ಅವಸರಪಡಿಸುತ್ತಿದ್ದಳು. ನಂತರ ನನ್ನ ಕಡೆ ತಿರುಗಿ, "ನಿನಗೂ ಇದೇನಾ ತಾಯಿ?" ಎಂದು ತನ್ನ ಎದೆಯ ಕಡೆ ಗದ್ದದಿಂದಲೇ ತೋರಿಸಿದಳು. ನಾನು ಹೌದೆಂದು ತಲೆಯಾಡಿಸಿದೆ. "ಏನೂ ಇರಲ್ಲ ಬಿಡು. ನಮ್ಮತ್ತೆಗೆ ಇಷ್ಟು ದೊಡ್ಡದಿತ್ತು, ತೊಂಬತ್ತು ವರ್ಷ ಬದುಕಿ ನನ್ನ ಪ್ರಾಣ ತಿಂದಳು."

ಇಬ್ಬರೂ ನಕ್ಕೆವು. ಇಬ್ಬರಿಗೂ ಒಂದೊಂದು ಕಾರ್ಡು ಬಂತು. ಎರಡರ ಮೇಲೂ ಒಂದೇ ಸಂಖ್ಯೆ ಇದೆಯೆಂದು ಯಾರು ನೋಡುತ್ತಾರೆ? ಪಕ್ಕದವಳ ಕಾರ್ಡನ್ನು ಇಸಿದುಕೊಂಡು ಓದುವ ಅಭ್ಯಾಸ ನಮ್ಮಲ್ಲಿಲ್ಲ.

ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶದ ದಿನ ನನ್ನ ವೈದ್ಯರು ಕಂಪ್ಯೂಟರಿನಲ್ಲಿ ನನ್ನ ಸಂಖ್ಯೆ ಒತ್ತಿದರು, ಪರದೆಯನ್ನು ಓದಿದರು, ಕನ್ನಡಕ ತೆಗೆದಿಟ್ಟರು. ಕನ್ನಡಕ ತೆಗೆದಾಗಲೇ ನನಗೆ ತಿಳಿಯಿತು. ನನ್ನ ಗಂಡ ತಿಜಾನಿ ಕುರ್ಚಿಯ ತೋಳನ್ನು ಹಿಡಿದುಕೊಂಡು, "ಬೇರೆ ದಾರಿಯೇ ಇಲ್ವಾ ಡಾಕ್ಟ್ರೇ?" ಎಂದು ಕೇಳಿದ. ಇರಲಿಲ್ಲವಂತೆ. ಆಪರೇಷನ್ ಆಯಿತು. ತೆಗೆದ ಭಾಗವನ್ನೂ ಪರೀಕ್ಷೆಗೆ ಕಳಿಸುತ್ತಾರಲ್ಲ, ಅದರ ವರದಿ ಬಂದ ದಿನ ವೈದ್ಯರು ಎದ್ದು ನಿಂತು ಕೈಕುಲುಕಿದರು. "ಅಭಿನಂದನೆಗಳು ಮೇಡಂ! ತೆಗೆದದ್ದರಲ್ಲಿ ಒಂದು ಕಣ ಕ್ಯಾನ್ಸರೂ ಉಳಿದಿಲ್ಲ. ಅಷ್ಟು ಬೇಗ ಹಿಡಿದುಬಿಟ್ಟಿದ್ದೀವಿ ನಾವು."

ನಿರ್ದೇಶಕರೇ, ಈ ಮಾತನ್ನು ಸ್ವಲ್ಪ ನಿಧಾನವಾಗಿ ಓದಿ. ಕ್ಯಾನ್ಸರಿಗೆಂದು ಕೊಯ್ದ ಸ್ತನದಲ್ಲಿ ಕ್ಯಾನ್ಸರ್ ಇರಲಿಲ್ಲ. ಹಾಗಾದರೆ ಅದು ಎಲ್ಲಿ ಹೋಯಿತು ಎಂದು ನಿಮ್ಮ ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಒಬ್ಬರಿಗಾದರೂ ಅನುಮಾನ ಬರಬೇಡವೇ? ಬರಲಿಲ್ಲ. ಬದಲಿಗೆ ಮುನ್ನೆಚ್ಚರಿಕೆಯೆಂದು ಕಿಮೋಥೆರಪಿಯನ್ನೂ ಕೊಟ್ಟಿರಿ. ನನ್ನ ಕೂದಲು ಉದುರಿತು, ಉಗುರು ಕಪ್ಪಾದವು, ತರಗತಿಯಲ್ಲಿ ಕುರ್ಚಿಯಿಂದ ಏಳಲಾಗದೆ ಕೂತೇ ಪಾಠ ಮಾಡಿದೆ. ತಿಜಾನಿ ಮಾತ್ರ ಸಂತೋಷದಲ್ಲಿ ಓಣಿಗೆಲ್ಲ ಖರ್ಜೂರದ ಮಕ್ರೂದ್ ಸಿಹಿ ಹಂಚಿ ಬಂದ. ನಾವು ನಿಮಗೆ ಕೃತಜ್ಞತೆಯ ಪತ್ರವನ್ನೂ ಬರೆದೆವು. ಅದನ್ನು ನೀವು ಚೌಕಟ್ಟು ಹಾಕಿಸಿ ಹೊರರೋಗಿ ವಿಭಾಗದಲ್ಲಿ ತೂಗುಹಾಕಿದ್ದೀರಿ. ದಯವಿಟ್ಟು ತೆಗೆಸಿ.

ಇತ್ತ ಮುಂಜಿಯಾಳನ್ನು ನೋಡಿದ ವೈದ್ಯರು ಬೇರೆ. "ಬರೀ ಕೊಬ್ಬಿನ ಗಂಟು, ತಲೆ ಕೆಡಿಸ್ಕೋಬೇಡಿ" ಎಂದು ಅವಳನ್ನು ಕಳಿಸಿಕೊಟ್ಟರು. ಅವಳು ದ್ವೀಪಕ್ಕೆ ಮರಳಿ, ಅತ್ತಾಯಾ ಊರಿನಲ್ಲಿ ಗಂಡ ಫರ್ಹಾತನ ಜೊತೆ ದೋಣಿಯಲ್ಲಿ ಆಕ್ಟೋಪಸ್ ಹಿಡಿಯುವ ಮಡಕೆಗಳನ್ನು ಸಮುದ್ರಕ್ಕಿಳಿಸುವ ಕೆಲಸಕ್ಕೆ ಮರಳಿದಳು. ಬೇಸಿಗೆಯಲ್ಲಿ ಮಗಳ ಮದುವೆ ಮಾಡಿದಳು. ಗಂಟು ದೊಡ್ಡದಾಗುತ್ತಿದ್ದುದನ್ನು ನೋಡಿ ಊರಿನ ನರ್ಸು ಮತ್ತೆ ತೋರಿಸೆಂದು ಹೇಳಿದಾಗಲೂ, "ಅಷ್ಟು ದೊಡ್ಡ ಆಸ್ಪತ್ರೆಯವರೇ ಏನಿಲ್ಲ ಅಂದಿದ್ದಾರೆ, ನಿನಗೇನು ಗೊತ್ತು" ಎಂದು ಬಾಯಿ ಮುಚ್ಚಿಸಿದಳಂತೆ. ನಿಮ್ಮನ್ನು ಅಷ್ಟು ನಂಬಿದ್ದಳು. ಚಳಿಗಾಲಕ್ಕೆ ಬೆನ್ನುನೋವು ಶುರುವಾಯಿತು. ಮಡಕೆ ಎಳೆದೆಳೆದು ಬಂದ ನೋವೆಂದುಕೊಂಡು ಆಲಿವ್ ಎಣ್ಣೆ ಬಿಸಿ ಮಾಡಿ ತಿಕ್ಕಿಸಿಕೊಂಡಳು. ದೋಣಿ ಹತ್ತಲಾಗದ ದಿನ ಬಂದ ಮೇಲೆ ಮತ್ತೆ ನಿಮ್ಮಲ್ಲಿಗೆ ಬಂದಳು.

ಅಂದು ಕಿಟಕಿಯಲ್ಲಿ ನಡೆದದ್ದನ್ನು ಅವಳೇ ನನಗೆ ಹೇಳಿದ್ದು. ಗುಮಾಸ್ತ ಪರದೆ ನೋಡಿ, "ನಿಮ್ಮ ಎಡಸ್ತನ ತೆಗೆದಾಗಿದೆಯಲ್ಲ ಅಮ್ಮಾ, ಈಗೇನು?" ಎಂದನಂತೆ.

"ತೆಗೆದಿದ್ದಾರಾ? ಯಾವಾಗ?"

"ಹೋದ ವರ್ಷ. ಇಲ್ಲಿ ಬರೆದಿದೆ."

"ಅಯ್ಯೋ ನಿನ್ನ! ತೆಗೆದಿದ್ರೆ ನನಗೆ ಗೊತ್ತಾಗ್ತಿರಲಿಲ್ವೇನಪ್ಪಾ?"

"ನನ್ನತ್ರ ಜಗಳ ಆಡಬೇಡಿ. ಕಂಪ್ಯೂಟರ್ ಹೇಳ್ತಿದೆ. ಮೇಲೆ ಹೋಗಿ ಡಾಕ್ಟರನ್ನೇ ಕೇಳಿ."

ಮೇಲೆ ಅದೇ ದಿನ ನನ್ನ ತಪಾಸಣೆಯೂ ಇತ್ತು. ಉದ್ದನೆಯ ಮೊಗಸಾಲೆಯಲ್ಲಿ ಹತ್ತಾರು ಜನ ಕೂತಿದ್ದೆವು. ನೀವು ಹೆಸರು ಕರೆಯುವ ಪದ್ಧತಿಯನ್ನು ನಿಲ್ಲಿಸಿದ್ದೀರಿ, ಅದು ರೋಗಿಯ ಖಾಸಗಿತನದ ರಕ್ಷಣೆಗಂತೆ. ನರ್ಸು ಬಾಗಿಲಿಗೆ ಬಂದು, "ನಾಲ್ಕು ಸಾವಿರದ ನಾನೂರ ಹದಿನೇಳು!" ಎಂದು ಕೂಗಿದಳು. ನಾನು ಎದ್ದೆ. ಎದುರು ಬೆಂಚಿನಿಂದ ಗೋಡೆ ಹಿಡಿದುಕೊಂಡು ಇನ್ನೊಬ್ಬಳು ಎದ್ದಳು.

"ಒಬ್ಬರು ಬನ್ನಿ" ಎಂದಳು ನರ್ಸು.

"ನನ್ನದೇ ಅದು" ಎಂದೆ.

"ನನ್ನದೂ ಅದೇ ಕಣಮ್ಮಾ" ಎಂದಳು ಆಕೆ, ಕಾರ್ಡನ್ನು ಎತ್ತಿ ಹಿಡಿದು.

ನರ್ಸು ಕಾರ್ಡನ್ನು ಕಿತ್ತುಕೊಂಡು ಒಳಗೆ ಹೋಗಿ ಪರದೆ ನೋಡಿ ಬಂದಳು. ಪರದೆಯ ಮೇಲೆ ನನ್ನ ಹೆಸರಿತ್ತು. "ಇದು ಇವರ ಸಂಖ್ಯೆ. ಬೇರೆಯವರ ಸಂಖ್ಯೆ ಹಾಕಿಸ್ಕೊಂಡು ಪುಕ್ಕಟೆ ಔಷಧಿ ತಗೊಳ್ಳೋಕೆ ಬಂದಿದ್ದೀಯಾ? ಈ ದ್ವೀಪದವರದ್ದೆಲ್ಲ ಇದೇ ಆಯ್ತು. ಪೊಲೀಸರನ್ನ ಕರೀಲಾ?"

ಮೊಗಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುಂಜಿಯಾ ಶಾಲನ್ನು ಸರಿಸಿ, ಅಂಗಿಯ ಗುಂಡಿ ಬಿಚ್ಚಿ, ಅಷ್ಟು ಜನರೆದುರು ಎದೆ ತೆರೆದು ತೋರಿಸಿದಳು. "ತೆಗೆದಿದ್ದಾರೆ ಅಂತ ಬರೆದಿದ್ದೀರಲ್ಲ, ನೋಡು. ಸರಿಯಾಗಿ ನೋಡು. ಇದೇನು ಹಾಗಾದ್ರೆ?"

ಗಂಡಸರು ಮುಖ ತಿರುಗಿಸಿದರು. ನಾನು ನೋಡಿದೆ. ಚರ್ಮ ಕಿತ್ತಳೆ ಸಿಪ್ಪೆಯಂತಾಗಿ ಒಳಕ್ಕೆ ಎಳೆದುಕೊಂಡಿತ್ತು. ವರ್ಷವಿಡೀ ಕ್ಯಾನ್ಸರ್ ವಾರ್ಡಿನಲ್ಲಿ ಓಡಾಡಿದವಳಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ದನಿಯ ಗುರುತು ಆಗ ಸಿಕ್ಕಿತು. ಅಂದು ಪಕ್ಕದ ಕಿಟಕಿಯಲ್ಲಿ ಹಡಗಿನ ಅವಸರದಲ್ಲಿದ್ದವಳು. ನನ್ನ ಕೈ ತಾನಾಗಿ ನನ್ನ ಎದೆಯ ಖಾಲಿ ಭಾಗದ ಮೇಲೆ ಹೋಯಿತು. ಅವಳು ಅದನ್ನು ಕಂಡಳು. ನಾನು ಹೋಗಿ ಅವಳ ಅಂಗಿಯ ಗುಂಡಿ ಹಾಕಿದೆ.

ಮಾರನೆಯ ವಾರ ನಿಮ್ಮ ಕೊಠಡಿಯಲ್ಲಿ ಸೇರಿದ್ದು ನಿಮಗೆ ನೆನಪಿರಬಹುದು. ಮುಂಜಿಯಾ, ಫರ್ಹಾತ್, ನಾನು, ತಿಜಾನಿ. ನೀವು ಪುದೀನಾ ಚಹಾ ತರಿಸಿದಿರಿ. "ಕಂಪ್ಯೂಟರ್ ತಪ್ಪು ಮಾಡೋದಿಲ್ಲ, ಮನುಷ್ಯರು ಮಾಡ್ತಾರೆ" ಎಂದು ಕಿಟಕಿಯ ಗುಮಾಸ್ತರ ಕಡೆ ಬೆರಳು ತೋರಿಸಿದಿರಿ. ನಿಮ್ಮ ದುರದೃಷ್ಟಕ್ಕೆ, ಕಂಪ್ಯೂಟರ್ ವಿಭಾಗದ ಎಂಜಿನಿಯರನ್ನೂ ಒಳಗೆ ಕರೆಸಿದ್ದಿರಿ. ಆಕೆ ನಮಗೆ ಅರ್ಥವಾಗುವಂತೆ ಹೇಳಿದರು. ಹೊಸ ರೋಗಿ ಬಂದಾಗ ಪ್ರೋಗ್ರಾಮು ಇದುವರೆಗೆ ಕೊಟ್ಟಿರುವ ಅತಿ ದೊಡ್ಡ ಸಂಖ್ಯೆ ಯಾವುದೆಂದು ನೋಡಿ, ಅದಕ್ಕೆ ಒಂದನ್ನು ಕೂಡಿಸಿ ಹೊಸ ಸಂಖ್ಯೆ ಮಾಡುತ್ತದೆ. ಕಿಟಕಿ ಒಂದೇ ಇದ್ದಾಗ ಇದರಿಂದ ತೊಂದರೆಯಿಲ್ಲ. ಆರು ಕಿಟಕಿಗಳಲ್ಲಿ ಇಬ್ಬರು ಒಟ್ಟಿಗೆ ಕೇಳಿದರೆ ಇಬ್ಬರಿಗೂ ಕಾಣುವ ದೊಡ್ಡ ಸಂಖ್ಯೆ ಒಂದೇ. ಒಂದು ಕೂಡಿಸಿದರೆ ಇಬ್ಬರಿಗೂ ಸಿಗುವುದೂ ಒಂದೇ. ಪರೀಕ್ಷಾ ವರದಿಯ ಪುಟದಲ್ಲಿ ಹೆಸರಿಲ್ಲ, ಸಂಖ್ಯೆ ಮಾತ್ರ. ನನ್ನ ವೈದ್ಯರು ನೋಡಿದಾಗ ಮುಂಜಿಯಾಳ ವರದಿಯೊಂದೇ ಬಂದಿತ್ತು. ಅದನ್ನು ನನ್ನದೆಂದು ಓದಿದರು. ಅವಳ ವೈದ್ಯರು ನೋಡುವಷ್ಟರಲ್ಲಿ ನನ್ನದೂ ಬಂದು ಮೇಲೆ ಕೂತಿತ್ತು; ಅದನ್ನು ಅವಳದೆಂದು ಓದಿದರು. ಇಬ್ಬರೂ ಸಂಖ್ಯೆಯನ್ನು ಸರಿಯಾಗಿಯೇ ಒತ್ತಿದ್ದರು.

"ಒಂದೇ ಸಂಖ್ಯೆ ಎರಡು ಸಲ ಬಂದ್ರೆ ಅದಕ್ಕೆ ಬೇಡ ಅನ್ನೋ ಬುದ್ಧಿ ಇಲ್ವಾ?" ಎಂದು ಕೇಳಿದವನು ತಿಜಾನಿ.

"ಇತ್ತು" ಎಂದರು ಎಂಜಿನಿಯರ್. "ಎರಡನೇ ಸಲ ಬಂದ ಸಂಖ್ಯೆಯನ್ನ ತಿರಸ್ಕರಿಸೋ ನಿಯಮ ಮೊದಲು ಹಾಕಿತ್ತು. ಜನ ಜಾಸ್ತಿ ಇರೋ ಬೆಳಗ್ಗೆ ಕಿಟಕಿಗಳಲ್ಲಿ ತಪ್ಪು ಸಂದೇಶ ಬಂದು ಕೆಲಸ ನಿಲ್ತಿತ್ತು. ಸಾಲು ಬೆಳೀತಿತ್ತು. ತೆಗೀರಿ ಅಂತ ಮೇಲಿಂದ ಹೇಳಿದ್ರು, ತೆಗೆದೆವು."

"ಮೇಲಿಂದ ಅಂದ್ರೆ ಯಾರು?"

ಆಕೆ ನಿಮ್ಮನ್ನು ನೋಡಿದರು. ನೀವು ಚಹಾದ ಲೋಟವನ್ನು ನೋಡಿದಿರಿ. "ಉದ್ಘಾಟನೆಯ ವಾರ ಅದು" ಎಂದಿರಿ. "ಜನ ಗಲಾಟೆ ಮಾಡ್ತಿದ್ರು. ಮಂತ್ರಿಗಳು ಬರೋರಿದ್ರು."

ಹೀಗೆ ನನಗೆ ಆ ವಾಕ್ಯದ ಕರ್ತೃ ಸಿಕ್ಕಿತು. ಯಂತ್ರ ತನ್ನ ಕೆಲಸ ಮಾಡಿತ್ತು. ಈ ಸಂಖ್ಯೆ ಈಗಾಗಲೇ ಒಬ್ಬರದು, ಇನ್ನೊಬ್ಬರಿಗೆ ಕೊಡಲಾರೆ ಎಂದು ಕೂಗಿ ಹೇಳುತ್ತಿತ್ತು. ನೀವು ಅದರ ಬಾಯಿ ಕಟ್ಟಿಸಿದಿರಿ. ಸಾಲು ಚಿಕ್ಕದಾಯಿತು, ಸಮಾರಂಭ ಚೆನ್ನಾಗಿ ನಡೆಯಿತು, ಪತ್ರಿಕೆಗಳಲ್ಲಿ ನಿಮ್ಮ ಫೋಟೋ ಬಂತು. ಇದನ್ನು ಆಕಸ್ಮಿಕ ಎನ್ನುತ್ತೀರಾ? ರಸ್ತೆಯ ಕೆಂಪು ದೀಪ ವಾಹನಗಳನ್ನು ನಿಲ್ಲಿಸುತ್ತದೆಂದು ಅದನ್ನು ಕಿತ್ತುಹಾಕಿಸಿದವನು, ನಂತರ ನಡೆದ ಡಿಕ್ಕಿಯನ್ನು ಆಕಸ್ಮಿಕ ಎಂದರೆ ನೀವು ಒಪ್ಪುತ್ತೀರಾ?

ಆ ಮೇಲೆ ನೀವು ಮಾಡಿದ ಪರಿಹಾರವನ್ನೂ ಓದುಗರು ತಿಳಿಯಲಿ. ಮುಂಜಿಯಾಗೆ ಹೊಸ ಸಂಖ್ಯೆ ಕೊಟ್ಟಿರಿ. ಹಳೆಯ ಸಂಖ್ಯೆಯಲ್ಲಿದ್ದ ಅವಳ ವರದಿಗಳು ಹೊಸದಕ್ಕೆ ಬರಲಿಲ್ಲ. ಔಷಧ ವಿಭಾಗದ ಪರದೆಯಲ್ಲಿ ಅವಳು ಯಾವ ಕಾಯಿಲೆಯೂ ಇಲ್ಲದ ಹೊಸಬಳು. ಕ್ಯಾನ್ಸರ್ ಇದೆಯೆಂದು ಸಾಬೀತಾಗದವಳಿಗೆ ಕ್ಯಾನ್ಸರ್ ಔಷಧಿ ಹೇಗೆ ಕೊಡುವುದು? ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಮಾಡಿಸಿದಿರಿ. ಒಂದೊಂದು ಪರೀಕ್ಷೆಗೂ ಒಂದೊಂದು ಸಲ ಹಡಗು ಹತ್ತಿ ಬರಬೇಕು. ಫರ್ಹಾತ್ ಅವಳನ್ನು ಬಂದರಿನಿಂದ ಟ್ಯಾಕ್ಸಿಗೆ, ಟ್ಯಾಕ್ಸಿಯಿಂದ ನಿಮ್ಮ ಮೆಟ್ಟಿಲಿಗೆ ಹೊತ್ತೇ ತರುತ್ತಿದ್ದ. ಔಷಧಿ ಶುರುವಾಗುವ ಹೊತ್ತಿಗೆ ಕಾಯಿಲೆ ಬೆನ್ನೆಲುಬಿನಿಂದ ಪಿತ್ತಜನಕಾಂಗಕ್ಕೆ ಹಬ್ಬಿತ್ತು.

ಆ ತಿಂಗಳುಗಳಲ್ಲಿ ನಾನು ರಜೆ ಸಿಕ್ಕಾಗಲೆಲ್ಲ ದ್ವೀಪಕ್ಕೆ ಹೋಗುತ್ತಿದ್ದೆ. ಯಾಕೆ ಹೋಗುತ್ತಿದ್ದೆನೋ ಹೇಳಲಾರೆ. ಅವಳು ಅಂಗಳದಲ್ಲಿ ದಿಂಬಿಗೊರಗಿ ಕೂತು, ಹಗ್ಗದ ಮೇಲೆ ಒಣಗಲು ಹಾಕಿದ ಆಕ್ಟೋಪಸ್‌ಗಳಿಂದ ಬೆಕ್ಕನ್ನು ಓಡಿಸುತ್ತಿದ್ದಳು. ನನ್ನನ್ನು ಕಂಡರೆ, "ಬಾರೇ ಸವತಿ" ಎನ್ನುತ್ತಿದ್ದಳು. "ಒಬ್ಬ ಗಂಡನ್ನ ಹಂಚ್ಕೊಂಡೋರನ್ನ ನೋಡಿದ್ದೀನಿ. ಒಂದು ನಂಬರನ್ನ ಹಂಚ್ಕೊಂಡೋರು ನಾವೇ ಮೊದಲು."

ಎಲ್ಲ ದಿನವೂ ಹೀಗಿರುತ್ತಿರಲಿಲ್ಲ. ಒಮ್ಮೆ ನಾನು ಬಾರ್ಲಿ ಕುಸ್ಕುಸ್ ಕಲಸಿ ಅವಳ ಬಾಯಿಗಿಡಲು ಹೋದಾಗ ಕೈ ತಳ್ಳಿದಳು.

"ನಿನ್ನ ಮುಖ ನೋಡಿದ್ರೆ ನನಗೆ ಸಿಟ್ಟು ಬರುತ್ತೆ ದಲಂದಾ. ನೀನೇನೂ ಮಾಡಿಲ್ಲ, ಗೊತ್ತು. ಆದ್ರೂ ಬರುತ್ತೆ. ನನ್ನ ಆಪರೇಷನ್ ನಿನಗೆ ಮಾಡಿದ್ರು. ನನಗೆ ಮಾಡಿದ್ರೆ ನಾನು ಉಳೀತಿದ್ದೆ."

"ನನಗೂ ಬರುತ್ತೆ" ಎಂದೆ. "ಬೆಳಗ್ಗೆ ಬಟ್ಟೆ ಹಾಕ್ಕೊಳ್ಳೋವಾಗ ದಿನಾ ಬರುತ್ತೆ. ಯಾರ ಮೇಲೆ ಅಂತ ಗೊತ್ತಾಗದೆ ನಿನ್ನ ಮೇಲೂ ಬಂದಿದೆ."

"ಬಂದಿದ್ಯಾ? ಒಳ್ಳೇದಾಯ್ತು. ನಾನೊಬ್ಳೇ ಕೆಟ್ಟೋಳು ಅಂದ್ಕೊಂಡಿದ್ದೆ." ನಂತರ ಕೇಳಿದಳು: "ನಮ್ಮ ಹಾಗೆ ಇನ್ನೂ ಯಾರಾದ್ರೂ ಇದ್ದಾರಾ ಕೇಳಿದ್ಯಾ ಅವರನ್ನ?"

ನಾನು ಕೇಳಿರಲಿಲ್ಲ, ನಿರ್ದೇಶಕರೇ. ನನ್ನ ನೋವಿನಲ್ಲೇ ಮುಳುಗಿದ್ದವಳಿಗೆ ಅದು ಹೊಳೆದಿರಲಿಲ್ಲ. ಸಾಯುತ್ತಿದ್ದವಳಿಗೆ ಹೊಳೆಯಿತು. ಮಾರನೆಯ ದಿನವೇ ಬಂದು ನಿಮ್ಮನ್ನು ಕೇಳಿದೆ. ನೀವು "ಪರಿಶೀಲನೆಯಲ್ಲಿದೆ" ಎಂದಿರಿ. ಎಂಜಿನಿಯರ್ ಮೊಗಸಾಲೆಯಲ್ಲಿ ನನ್ನನ್ನು ನಿಲ್ಲಿಸಿ, ತಾನು ಹುಡುಕಿರುವುದಾಗಿಯೂ, ಒಂದೇ ಸಂಖ್ಯೆಯಲ್ಲಿ ಎರಡು ಹೆಸರಿರುವ ದಾಖಲೆಗಳು ಮೂವತ್ತಕ್ಕೂ ಹೆಚ್ಚಿವೆಯೆಂದೂ, ಪಟ್ಟಿಯನ್ನು ನಿಮ್ಮ ಮೇಜಿನ ಮೇಲಿಟ್ಟು ಎಷ್ಟೋ ಕಾಲವಾಯಿತೆಂದೂ ಹೇಳಿದರು. ಆಕೆಯ ಕೆಲಸಕ್ಕೆ ಕುತ್ತು ಬರಬಾರದೆಂದು ಇದನ್ನು ಬರೆಯಲು ಹಿಂಜರಿದೆ. "ಬರೀರಿ. ನನಗೆ ನಿದ್ದೆ ಬರ್ತಿಲ್ಲ" ಎಂದು ಆಕೆಯೇ ಹೇಳಿದ ಮೇಲೆ ಬರೆಯುತ್ತಿದ್ದೇನೆ.

ಮುಂಜಿಯಾ ಬಾದಾಮಿ ಮರ ಹೂ ಬಿಟ್ಟ ವಾರ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಅವಳಿಗೆ ಮಾತಿರಲಿಲ್ಲ. ಹೆಂಗಸರೆಲ್ಲ ಸೇರಿ ಮೀಯಿಸುವಾಗ ಅವಳ ಮಗಳು ನನ್ನನ್ನೂ ಒಳಗೆ ಕರೆದಳು. ನಾನು ನೀರು ಹೊಯ್ದೆ. ಮಣ್ಣು ಮಾಡಿ ಬಂದ ಮೇಲೆ ಫರ್ಹಾತ್ ಅಂಗಳದ ಗೋಡೆಗೊರಗಿ ಕೂತು, ಯಾರನ್ನೂ ನೋಡದೆ, "ಬೇಗ ತೋರಿಸಿದ್ದೆವಲ್ಲ ನಾವು. ಎಲ್ಲರೂ ಹೇಳೋ ಹಾಗೇ ಬೇಗ ತೋರಿಸಿದ್ದೆವಲ್ಲ" ಎನ್ನುತ್ತಲೇ ಇದ್ದ. ಅವನಿಗೆ ಏನು ಹೇಳಬೇಕೆಂದು ನಿಮಗೆ ಗೊತ್ತಿದ್ದರೆ ದಯವಿಟ್ಟು ಹಡಗು ಹತ್ತಿ ಹೋಗಿ ಹೇಳಿ.

ಹದಿನೈದು ದಿನದ ಕೆಳಗೆ ನಿಮ್ಮ ನೋಂದಣಿ ಸಭಾಂಗಣಕ್ಕೆ ಹೋಗಿದ್ದೆ. ಏನಾದರೂ ಬದಲಾಗಿದೆಯೇ ನೋಡೋಣವೆಂದು. ಬದಲಾಗಿದೆ. ಪ್ರತಿ ಕಿಟಕಿಯ ಗಾಜಿಗೂ ಒಳಗಿನಿಂದ ಒಂದು ಸೂಚನೆ ಅಂಟಿಸಿದ್ದೀರಿ: "ಸಿಬ್ಬಂದಿಯವರು ಏಕಕಾಲಕ್ಕೆ ಗುಂಡಿ ಒತ್ತಬಾರದು." ಎರಡನೇ ಕಿಟಕಿಯವನು, "ನಾನು ಒತ್ತುತ್ತಿದ್ದೀನೋ!" ಎಂದು ಕೂಗುತ್ತಾನೆ. "ಒತ್ತು ಒತ್ತು!" ಎಂದು ಐದನೆಯವಳು ಉತ್ತರ ಕೊಡುತ್ತಾಳೆ. ಫೋನಿನಲ್ಲಿದ್ದ ಮೂರನೆಯವನು ಕೇಳಿಸಿಕೊಳ್ಳದೆ ತಾನೂ ಒತ್ತುತ್ತಾನೆ. ನಮ್ಮ ತೆರಿಗೆಯಿಂದ ಕೊಂಡ ಅಷ್ಟೊಂದು ಯಂತ್ರಗಳ ನಡುವೆ, ಜನರ ಜೀವ ಕಾಯುತ್ತಿರುವುದು ಗುಮಾಸ್ತರ ಗಂಟಲು. ಕಿಟಕಿಯ ಮುಂದೆ ಒಬ್ಬ ತಾಯಿ ಜ್ವರದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದಳು. ಅವಳ ಮಗುವಿಗೆ ಕೊಟ್ಟ ಸಂಖ್ಯೆ ಅದೊಂದೇ ಮಗುವಿನದೆಂದು ನೀವು ಆಣೆ ಮಾಡಿ ಹೇಳಬಲ್ಲಿರಾ?

ನಾನು ಪರಿಹಾರಧನ ಕೇಳುತ್ತಿಲ್ಲ. ನಿಮ್ಮ ರಾಜೀನಾಮೆಯನ್ನೂ ಕೇಳುತ್ತಿಲ್ಲ. ನೀವು ಹೋದರೆ ಆ ಪಟ್ಟಿ ಇನ್ನೊಬ್ಬರ ಮೇಜಿನ ಮೇಲೆ ಹೊಸದಾಗಿ ಪರಿಶೀಲನೆಗೆ ಬೀಳುತ್ತದೆ. ನನಗೆ ಬೇಕಾಗಿರುವುದು ಎರಡು. ಕಿತ್ತುಹಾಕಿಸಿದ ಆ ನಿಯಮವನ್ನು ಮತ್ತೆ ಹಾಕಿಸಿ, ಸಂಖ್ಯೆಗಳನ್ನು ಕಿಟಕಿಗಳ ಕೈಯಿಂದ ತೆಗೆದು ಒಂದೇ ಕಡೆಯಿಂದ ಒಂದೊಂದಾಗಿ ಹೊರಡುವಂತೆ ಮಾಡಿಸಿ. ಒಂದು ಮಧ್ಯಾಹ್ನದ ಕೆಲಸವೆಂದು ನಿಮ್ಮ ಎಂಜಿನಿಯರೇ ಹೇಳಿದ್ದಾರೆ. ಸಾಲು ಉದ್ದವಾಗುತ್ತದೆಯೇ? ಆಗಲಿ. ನಾವು ನಿಲ್ಲುತ್ತೇವೆ. ಬ್ರೆಡ್ಡಿಗೆ ನಿಂತವರು, ಸಕ್ಕರೆಗೆ ನಿಂತವರು, ನಮ್ಮದೇ ಹೆಸರಿಗೆ ನಿಲ್ಲಲಾರೆವೇ?

ಎರಡನೆಯದು ಇನ್ನೂ ಅವಸರದ್ದು. ಆ ಪಟ್ಟಿಯಲ್ಲಿರುವ ಒಬ್ಬೊಬ್ಬರಿಗೂ ಫೋನು ಮಾಡಿಸಿ. ಅವರಲ್ಲಿ ಯಾರೋ ಒಬ್ಬಳು ಈ ಹೊತ್ತು ಏನೂ ಇಲ್ಲವೆಂಬ ನಿಮ್ಮ ಮಾತನ್ನು ನಂಬಿಕೊಂಡು ಬೆನ್ನಿಗೆ ಬಿಸಿ ಎಣ್ಣೆ ತಿಕ್ಕಿಸಿಕೊಳ್ಳುತ್ತಿರಬಹುದು. ಇನ್ನೊಬ್ಬನನ್ನು ಮುಂದಿನ ವಾರ ಆಪರೇಷನ್ ಕೊಠಡಿಗೆ ತಳ್ಳಿಕೊಂಡು ಹೋಗಬಹುದು. ನೀವು ಮಾಡದಿದ್ದರೆ ನಾವು ಮಾಡುತ್ತೇವೆ. ಬರುವ ಸೋಮವಾರದಿಂದ ಫರ್ಹಾತ್, ತಿಜಾನಿ, ನಾನು ನಿಮ್ಮ ಗೇಟಿನ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತೇವೆ. ಆ ಸಭಾಂಗಣ ತೆರೆದ ಮೇಲೆ ನೋಂದಾಯಿಸಿಕೊಂಡ ಎಲ್ಲರೂ ತಮ್ಮ ಕಾರ್ಡು ಹಿಡಿದು ಬರಲಿ. ಒಳಗೆ ಹೋಗಿ ಒಂದೇ ಪ್ರಶ್ನೆ ಕೇಳಲಿ: ನನ್ನ ಸಂಖ್ಯೆಯಲ್ಲಿ ಇನ್ನೊಬ್ಬರಿದ್ದಾರೆಯೇ? ಉತ್ತರ ಸಿಗುವವರೆಗೆ ಕಿಟಕಿ ಬಿಟ್ಟು ಕದಲದಿರಲಿ.

ನಿಮ್ಮ ಈ ಸಲದ ವಾರ್ಷಿಕ ವರದಿಯನ್ನು ಓದಿದೆ. ಸ್ತನ ಕ್ಯಾನ್ಸರಿನಿಂದ ಪೂರ್ಣ ಗುಣವಾದವರ ಲೆಕ್ಕದಲ್ಲಿ ನಾನೂ ಒಬ್ಬಳು. ಮುಂಜಿಯಾ ಯಾವ ಲೆಕ್ಕದಲ್ಲೂ ಇಲ್ಲ.

ಇಂತಿ,
ಇಲ್ಲದ ಕಾಯಿಲೆಯಿಂದ ನೀವು ಗುಣಪಡಿಸಿದ
ದಲಂದಾ ಖಮಾಖಮ್
ಸ್ಫಾಕ್ಸ್